ಹಳೆಯ ಕಾರ್ಡೇ ಸಾಕು

"ಹೊಸಾ ಕಾರ್ಡ್ ಯಾಕ ಬೇಕ್ರಿ ಸರ್? ಇದರ ಫ್ಯಾನಿಗೆ ಕೂದಲ ಸುತ್ಕೊಂಡದ, ಅದಕ್ಕ ಬಿಸಿ ಆಗ್ತದ" ಎಂದರು ಬೈಕುಲ್ಲಾದ ಕಂಪ್ಯೂಟರ್ ಅಂಗಡಿಯ ಮೆಕ್ಯಾನಿಕ್, ವಿಜಯಪುರದ ಕಡೆಯವರು. ಗೇಮ್ ನಡುನಡುವೆ ನಿಲ್ಲುತ್ತಿತ್ತೆಂದು ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೋಗಿದ್ದೆ. ಅವರು ಮೊಳದುದ್ದದ ಬಿಳಿ ಕೂದಲುಗಳನ್ನು ಮೆಲ್ಲಗೆ ಬಿಡಿಸಿ ತೆಗೆದು ಕೇಳಿದರು: "ಮನ್ಯಾಗ ಹಿರ್ಯಾರು ಅದಾರೇನ್ರಿ?"

"ಇದ್ದರು" ಎಂದೆ.

ನಮ್ಮದು ಚಾಳಿನ ಒಂದೇ ಕೋಣೆ. ನಾನು ಆಡುವಾಗ ಅಮ್ಮ ಪಕ್ಕದಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. "ಇಲ್ಲಿ ಬೇಡ, ಹೊರಗೆ ಹೋಗು" ಎಂದು ಎಷ್ಟು ಸಲ ರೇಗಿದ್ದೆನೋ! ಅವಳು ತೀರಿಕೊಂಡು ತಿಂಗಳಾಗಿತ್ತು. ಆ ಕೂದಲನ್ನು ಕಾಗದದಲ್ಲಿ ಮಡಚಿಟ್ಟುಕೊಂಡು, ಹಳೆಯ ಕಾರ್ಡನ್ನೇ ಹಿಡಿದು ಮನೆಗೆ ಬಂದೆ.

ಈಗ ಗೇಮ್ ಎಲ್ಲೂ ನಿಲ್ಲುವುದಿಲ್ಲ. ನಡುವೆ ನಾನೇ ನಿಲ್ಲಿಸಿ, ಪಕ್ಕಕ್ಕೆ ನೋಡುತ್ತೇನೆ.