ಕೂಡಿಟ್ಟ ಒಂಬತ್ತು ಸಾವಿರ ಬಸ್ಸು

ಬೆಳಗಿನ ನಾಲ್ಕೂವರೆ. ಬಸ್ ಡಿಪೋದ ಹಿಂಬದಿಯಲ್ಲಿ, ಬಸ್ಸು ತೊಳೆಯುವ ಅಂಗಳದ ಕಟ್ಟಕಡೆಯ ಸಾಲಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ಒಬ್ಬರು ನಿಂತಿದ್ದಾರೆ. ಉದ್ದ ಹಿಡಿಯ ಬ್ರಷ್ಷನ್ನು ಬಕೆಟ್ಟಿನ ನೊರೆಯಲ್ಲಿ ಅದ್ದಿ ಕಿಟಕಿಯ ಗಾಜನ್ನು ಮೇಲಿಂದ ಕೆಳಕ್ಕೆ ಉಜ್ಜುತ್ತಾರೆ. ಅದೇ ಗಾಜನ್ನು ಒಳಗಿನಿಂದ ಹಳೆ ಬಟ್ಟೆಯಲ್ಲಿ ಒರೆಸುತ್ತಿರುವವರು ಅವರ ಹೆಂಡತಿ. ಇಬ್ಬರ ನಡುವೆ ಒಂದು ಗಾಜು ಮಾತ್ರ ಇದೆ, ಆದರೂ ಅವರು ಮುಖವೆತ್ತಿ ಹೆಂಡತಿಯನ್ನು ನೋಡುವುದಿಲ್ಲ. ಗಾಜಿನ ಮೂಲೆಯಲ್ಲಿ ಇಲ್ಲದ ಕಲೆಯೊಂದನ್ನು ಮತ್ತೆ ಮತ್ತೆ ತಿಕ್ಕುತ್ತಾರೆ.

ಡಿಪೋದವರೆಲ್ಲ ಅವರನ್ನು ಮಾವ ಎನ್ನುತ್ತಾರೆ. ಹಾಗಾಗಿ ಹೆಂಡತಿ ತಾನಾಗಿಯೇ ಅತ್ತೆಯಾದರು. ಮಾವನಿಗೆ ಅರವತ್ತೆರಡು, ಇಲ್ಲಿ ಮೂವತ್ತು ವರ್ಷದ ಸರ್ವೀಸು. ಅತ್ತೆಗೆ ಐವತ್ತನಾಲ್ಕು, ಇಲ್ಲಿ ಇಪ್ಪತ್ತೆರಡು ದಿನದ ಸರ್ವೀಸು. ಮಾವ ಕೆಲಸ ಬಿಟ್ಟು ಮನೆ ಸೇರಬೇಕಿದ್ದ ಹೊತ್ತಿನಲ್ಲಿ ಅತ್ತೆ ಮನೆ ಬಿಟ್ಟು ಕೆಲಸಕ್ಕೆ ಬಂದದ್ದು ಹೇಗೆ ಎನ್ನುವುದು ಒಂದು ಲೆಕ್ಕದ ಕತೆ.

ಇಲ್ಲಿ ನಿವೃತ್ತಿ ಎಂಬ ಮಾತು ಡ್ರೈವರಿಗೆ, ಕಂಡಕ್ಟರಿಗೆ ಉಂಟು. ತೊಳೆಯುವವರಿಗಿಲ್ಲ. ಇವರದು ಗುತ್ತಿಗೆ ಕೆಲಸ, ಬಸ್ಸಿಗಿಷ್ಟು ಎಂದು ಕೂಲಿ. ತೊಳೆದರೆ ಉಂಟು, ತೊಳೆಯದಿದ್ದರೆ ಇಲ್ಲ. ಕಂಟ್ರಾಕ್ಟರು ವರ್ಷಕ್ಕೊಂದು ಜೊತೆ ಗಂಬೂಟು ಕೊಡುತ್ತಾನೆ, ಅದು ಮೂರನೇ ತಿಂಗಳಿಗೆ ಸೋರುತ್ತದೆ. ಉಳಿದ ಒಂಬತ್ತು ತಿಂಗಳು ನೀರು ಬೂಟಿನ ಹೊರಗೂ ಇರುತ್ತದೆ, ಒಳಗೂ ಇರುತ್ತದೆ. ಮಾವನ ಬೆರಳ ಸಂದುಗಳು ಬೆಳ್ಳಗೆ ಬಿರಿದಿವೆ, ಹಿಮ್ಮಡಿ ಒಡೆದಿದೆ. ಇನ್ನು ನೀರಲ್ಲಿ ನಿಲ್ಲಬೇಡಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಮಾವ ಆಗಲಿ ಎಂದು ತಲೆಯಾಡಿಸಿ, ಚೀಟಿ ಮಡಚಿಕೊಂಡು, ಮಾರನೇ ಬೆಳಿಗ್ಗೆ ನೀರಿಗೇ ಇಳಿದರು. ಲೆಕ್ಕ ಭರ್ತಿಯಾಗಲು ಆಗಿನ್ನೂ ಆರುನೂರು ಬಸ್ಸು ಬಾಕಿ ಇತ್ತು.

ಆ ಲೆಕ್ಕ ಶುರುವಾದದ್ದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ. ದಿನಕ್ಕೆ ಆರು ಬಸ್ಸು ತೊಳೆದರೆ ಐದರ ಕೂಲಿ ಮನೆಗೆ, ಕೊನೆಯದರ ಕೂಲಿ ಮುಪ್ಪಿಗೆ. ದಿನದ ಕೊನೆಯ ಬಸ್ಸಿಗೆ ಬ್ರಷ್ಷು ಹಚ್ಚುವ ಮುಂಚೆ ಮಾವ "ಇದು ನಮ್ದು" ಎಂದು ಅದರ ಬಾನೆಟ್ಟಿಗೆ ಒಂದು ತಟ್ಟು ತಟ್ಟುತ್ತಿದ್ದರು. ಮನೆಯಲ್ಲಿ ಅತ್ತೆ ನೋಟುಪುಸ್ತಕದಲ್ಲಿ ಅದಕ್ಕೊಂದು ಗೀಟು ಹಾಕುತ್ತಿದ್ದರು, ತಿಂಗಳಿಗೊಮ್ಮೆ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ಬರುತ್ತಿದ್ದರು. ಅತ್ತೆಯ ಕಾಯಿಲೆಯಲ್ಲಿ, ಮಗಳ ಓದಿನಲ್ಲಿ, ಅವಳ ಮದುವೆಯ ಸಾಲದಲ್ಲಿ ಮೊದಲ ಐದು ಬಸ್ಸು ಕರಗಿದವೇ ಹೊರತು ಆರನೆಯದನ್ನು ಯಾರೂ ಮುಟ್ಟಲಿಲ್ಲ.

ಎಷ್ಟು ಕೂಡಿಟ್ಟರೆ ಸಾಕು ಎನ್ನುವುದಕ್ಕೂ ಮಾವನ ಹತ್ತಿರ ಉತ್ತರವಿತ್ತು. ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಊಟ, ಬಾಡಿಗೆ, ಮಾತ್ರೆ ಎಲ್ಲ ಸೇರಿ ಒಂದು ದಿನ ನಡೆಯಲು ಮೂರು ಬಸ್ಸಿನ ಕೂಲಿ ಬೇಕು. ಅವರಪ್ಪ ಎಪ್ಪತ್ತಕ್ಕೆ ಹೋದವರು, ತಾನೂ ಅಷ್ಟಕ್ಕೇ ಹೋಗುವವನು. ಅರವತ್ತೆರಡರಿಂದ ಎಪ್ಪತ್ತರವರೆಗೆ ಸುಮಾರು ಮೂರು ಸಾವಿರ ದಿನ. ಮೂರು ಮೂರಲಿ ಒಂಬತ್ತು. ಒಂಬತ್ತು ಸಾವಿರ ಬಸ್ಸು.

ಲೆಕ್ಕವನ್ನು ದುಡ್ಡಿನಲ್ಲಿ ಇಡದೆ ಬಸ್ಸಿನಲ್ಲಿ ಇಟ್ಟದ್ದರ ಬಗ್ಗೆ ಮಾವನಿಗೆ ಬಲು ಹೆಮ್ಮೆ. ಕೇಳಿದವರಿಗೆಲ್ಲ ಪಾಠ ಮಾಡುತ್ತಿದ್ದರು. "ದುಡ್ಡನ್ನ ನಂಬಬಾರ್ದು ಸ್ವಾಮಿ, ಅದು ಇವತ್ತಿದ್ದಂಗೆ ನಾಳೆ ಇರಲ್ಲ. ಅಕ್ಕಿ ಬೆಲೆ ಏರಿದ್ರೆ ಬಸ್ಸಿನ ಕೂಲೀನೂ ಏರುತ್ತೆ. ಅದಕ್ಕೇ ನಾನು ಬಸ್ಸಲ್ಲಿ ಎಣಿಸೋದು. ಬಸ್ಸು ಅಂದ್ರೆ ಯಾವತ್ತಿದ್ರೂ ಬಸ್ಸೇ."

ಆ ಒಂಬತ್ತು ಸಾವಿರನೇ ಬಸ್ಸು ಒಂದೂವರೆ ತಿಂಗಳ ಹಿಂದೆ ಬಂದೇ ಬಂತು. ಅಂದು ಮೇಸ್ತ್ರಿ ಎಲ್ಲರಿಗೂ ಟೀ ತರಿಸಿದರು. ಮಾವ ತಮ್ಮ ಬ್ರಷ್ಷನ್ನು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಕೈಗೆ ಒಗ್ಗಿಸಿಕೊಂಡಿದ್ದ ಬ್ರಷ್ಷನ್ನು, ಪಕ್ಕದ ಸಾಲಿನವನ ಕೈಗಿತ್ತು, ಒಣ ಕಾಲಲ್ಲಿ ಮನೆಗೆ ಹೋದರು. ಮಾರನೆಯ ದಿನ ರೂಢಿಯಂತೆ ಮೂರೂವರೆಗೇ ಎಚ್ಚರವಾಯಿತು. ಎದ್ದು ಏನು ಮಾಡುವುದೆಂದು ತಿಳಿಯದೆ ಮನೆಯ ಎರಡೂ ಕಿಟಕಿ ಒರೆಸಿದರಂತೆ. ಅತ್ತೆ ಬೈದು ಮಲಗಿಸಿದರು.

ಹನ್ನೊಂದನೇ ದಿನ ಇಬ್ಬರೂ ಬ್ಯಾಂಕಿಗೆ ಹೋದರು. ತಿಂಗಳಿಗೆ ತೊಂಬತ್ತು ಬಸ್ಸಿನ ಕೂಲಿಯಷ್ಟು ದುಡ್ಡು ಕೈಗೆ ಬರುವ ಹಾಗೆ ಮಾಡಿಕೊಡಿ ಎಂದು ಮಾವ ಕೌಂಟರಿನ ಹುಡುಗಿಯನ್ನು ಕೇಳಿದರು. ಅವಳು ಇವತ್ತಿನ ಕೂಲಿ ಎಷ್ಟೆಂದು ಕೇಳಿಕೊಂಡು, ಪಾಸ್‌ಬುಕ್ಕು ನೋಡಿ, ಹಾಗೆ ತೆಗೆದರೆ ಎರಡೂವರೆ ವರ್ಷ ಬರುತ್ತದೆ ಎಂದಳು. ಮಾವ ನಕ್ಕರು. ಎಂಟು ವರ್ಷ ಅನ್ನಬೇಕಿತ್ತು, ಬಾಯಿ ತಪ್ಪಿರಬೇಕು ಎಂದುಕೊಂಡು ಇನ್ನೊಂದು ಸಲ ನೋಡಮ್ಮ ಎಂದರು. ಅವಳು ಇನ್ನೊಂದು ಸಲ ನೋಡಿದಳು. ಒಂಬತ್ತು ಸಾವಿರ ಬಸ್ಸಿನ ಕೂಲಿ, ಮೂವತ್ತು ವರ್ಷದ ಬಡ್ಡಿಯೂ ಸೇರಿ, ಇವತ್ತಿನ ದರದಲ್ಲಿ ಎರಡು ಸಾವಿರದ ಏಳುನೂರು ಬಸ್ಸಿಗೆ ಸಮ.

ಮಾವನಿಗೆ ಅದು ಅರ್ಥವಾಗಲು ಬೆಂಚಿನ ಮೇಲೆ ಅರ್ಧ ಗಂಟೆ ಕೂರಬೇಕಾಯಿತು. ಪುಸ್ತಕದಲ್ಲಿ ಗೀಟುಗಳೆಲ್ಲ ಒಂದೇ ಉದ್ದ. ಮೊದಲ ವರ್ಷದ ಗೀಟೂ ಬಸ್ಸೇ, ಹೋದ ತಿಂಗಳ ಗೀಟೂ ಬಸ್ಸೇ. ಬ್ಯಾಂಕಿನಲ್ಲಿ ಇದ್ದದ್ದು ಬಸ್ಸಲ್ಲ, ಆಯಾ ವರ್ಷದ ದುಡ್ಡು. ಮೊದಲ ವರ್ಷ ಒಂದು ಬಸ್ಸಿಗೆ ಸಿಕ್ಕ ಕೂಲಿಗೆ ಇವತ್ತು ಒಂದು ಚಕ್ರವನ್ನೂ ಯಾರೂ ತೊಳೆದುಕೊಡುವುದಿಲ್ಲ. ಕೂಲಿ ಏರಿದಾಗಲೆಲ್ಲ ಇವರು ಹಿಗ್ಗಿದ್ದರು. ಹಾಗೆ ಏರಿದಾಗಲೆಲ್ಲ ಹಿಂದೆ ಕೂಡಿಟ್ಟ ಬಸ್ಸುಗಳು ಒಂದೊಂದು ಗೇಣು ಕುಗ್ಗಿದ್ದವು, ಅದು ಇಬ್ಬರಿಗೂ ಕಾಣಲಿಲ್ಲ. "ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು," ಎನ್ನುತ್ತಾರೆ ಮಾವ. ಗಾದೆಯನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದರಂತೆ, ತನಗೆ ಹೇಳಿಕೊಂಡದ್ದು ಇದೇ ಮೊದಲು.

ಅತ್ತೆ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅಲ್ರೀ, ಒಂಬತ್ತು ಸಾವಿರ ಸರಿಯಾಗಿದ್ರೂ ಅದು ನಿಮ್ಮ ಎಪ್ಪತ್ತರವರೆಗೆ ತಾನೇ? ಆಗ ನಂಗೆ ಅರವತ್ತೆರಡು. ಆಮೇಲೆ ನಾನ್ಯಾವ ಬಸ್ಸು ಹತ್ತಲಿ?"

ಮೂವತ್ತು ವರ್ಷದಲ್ಲಿ ಮಾವನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಲೆಕ್ಕ ಅವರ ಸಾವಿಗೆ ಮುಗಿಯುತ್ತಿತ್ತು, ಗೀಟು ಹಾಕುತ್ತಿದ್ದವಳು ಲೆಕ್ಕದ ಹೊರಗಿದ್ದಳು. ಬ್ಯಾಂಕಿನ ಮಾತಿಗಿಂತ ಈ ಮಾತು ತಮ್ಮನ್ನು ಹೆಚ್ಚು ಕೊಂದಿತು ಎಂದು ಅವರೇ ಹೇಳುತ್ತಾರೆ, ಹೇಳಿ ಬೇರೆ ಕಡೆ ನೋಡುತ್ತಾರೆ.

ಮಾರನೇ ಬೆಳಿಗ್ಗೆ ಡಿಪೋಗೆ ಹೋದರೆ ನಲ್ಲಿಯ ಪಕ್ಕದ ಅವರ ಸಾಲು ಬೇರೆಯವರ ಪಾಲಾಗಿತ್ತು. ಬಿಟ್ಟು ಹೋಗಿ ಮತ್ತೆ ಬಂದವನು ಹೊಸಬನ ಲೆಕ್ಕ ಎಂದು ಕಂಟ್ರಾಕ್ಟರು ಕಟ್ಟಕಡೆಯ ಸಾಲಿಗೆ ಹಾಕಿದ. ಅಲ್ಲಿ ಪೈಪಿಗೆ ನೀರು ಜೋರಾಗಿ ಬರುವುದಿಲ್ಲ, ಆರು ಬಸ್ಸು ತೊಳೆಯುವ ಹೊತ್ತಿನಲ್ಲಿ ನಾಲ್ಕೇ ಆಗುತ್ತವೆ. ಬ್ರಷ್ಷು ಪಡೆದವನು ಪಾಪ, ಮಾವಾ ತಗೋ ಎಂದು ಚಾಚಿದ. ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳಲ್ಲ ಎಂದು ಮಾವ ಸ್ಟೋರಿನ ಕೂದಲುದುರಿದ ಬ್ರಷ್ಷನ್ನೇ ಹಿಡಿದರು. ಅಭಿಮಾನ ಒಂದಾದರೂ ಹಳೆಯ ದರದಲ್ಲೇ ಉಳಿದಿದೆ.

ನಾಲ್ಕರಲ್ಲಿ ಮೂರು ಮನೆಗೆ ಹೋಗುತ್ತದೆ. ಉಳಿಯುವುದು ಒಂದು. ಕಡಿಮೆ ಬಿದ್ದದ್ದು ಆರು ಸಾವಿರದ ಮುನ್ನೂರು. ವರ್ಷಕ್ಕೆ ಮುನ್ನೂರು ದಿನ ಕೆಲಸವೆಂದರೂ ಇಪ್ಪತ್ತೊಂದು ವರ್ಷ. "ಎಪ್ಪತ್ತಕ್ಕೆ ಸಾಯೋದಕ್ಕೆ ಎಂಬತ್ತಮೂರರವರೆಗೆ ತೊಳೀಬೇಕು," ಎಂದು ಮಾವ ಹೇಳಿದಾಗ ಅಕ್ಕಪಕ್ಕದವರು ನಕ್ಕರು. ಮಾವ ನಗಲಿಲ್ಲ. ಈಗ ಕೊನೆಯ ಬಸ್ಸಿನ ಬಾನೆಟ್ಟು ತಟ್ಟುವುದನ್ನೂ ಬಿಟ್ಟಿದ್ದಾರೆ.

ಅವರು ಹಿಂತಿರುಗಿದ ಒಂದು ವಾರಕ್ಕೆ ಅತ್ತೆ ಬಂದರು. ಒಳಗಿನ ಸೀಟು, ಗಾಜು ಒರೆಸುವ ಕೆಲಸ, ಕೂಲಿ ಹೊರಗೆ ತೊಳೆಯುವವರದರ ಅರ್ಧ. ಮಾವ ಬೇಡವೆಂದು ಅಂಗಲಾಚಿದರು, ಎರಡು ದಿನ ಊಟ ಬಿಟ್ಟರು. ಮಗಳು ತನ್ನ ಮನೆಯಿಂದ ಫೋನು ಮಾಡಿ ಅತ್ತಳು. ಅವಳಿಗೂ ಅವಳದೇ ನೂರೆಂಟು ತಾಪತ್ರಯ, ಅಳುವುದರಾಚೆ ಅವಳ ಕೈಯಲ್ಲೂ ಏನಿಲ್ಲ. ಅತ್ತೆ ಜಗ್ಗಲಿಲ್ಲ.

ಸೀಟಿನ ಸಂದಿಯಿಂದ ಕಡಲೆಸಿಪ್ಪೆ ಬಾಚಿ ತೆಗೆಯುತ್ತ ಅವರು ಹೇಳುತ್ತಾರೆ: "ಇವ್ರ ಎಂಟು ವರ್ಷ ಇವ್ರು ತೊಳ್ಕೊಳ್ಲಿ. ಆಮೇಲಿನ ವರ್ಷ ನಂದು. ಅದನ್ನ ನಾನೇ ತೊಳ್ಕೋತೀನಿ."

ಅವರ ನೋಟುಪುಸ್ತಕ ಹೊಸದು. ಅದರಲ್ಲಿ ಇಪ್ಪತ್ತೊಂದು ಗೀಟುಗಳಿವೆ, ಇವತ್ತಿನದು ಇನ್ನೂ ಹಾಕಬೇಕು. ಎಷ್ಟಾದರೆ ಸಾಕು ಎಂದು ಕೊನೆಯ ಪುಟದಲ್ಲಿ ಬರೆದಿಲ್ಲ. ನಮ್ಮಮ್ಮ ತೊಂಬತ್ತು ದಾಟಿದ್ಳು, ಬರೆದು ಏನು ಮಾಡಲಿ ಎಂದು ಕೇಳುತ್ತಾರೆ.

ಆರು ಗಂಟೆಗೆ ಮೊದಲ ಬಸ್ಸು ಗೇಟು ದಾಟುತ್ತದೆ. ಮಾವ ಮೆಟ್ಟಿಲ ಮೇಲೆ ಕೂತು ಬೂಟು ಬಗ್ಗಿಸಿ ನೀರು ಚೆಲ್ಲುತ್ತಾರೆ. ಬರುವ ತಿಂಗಳಿಂದ ಒಳಗಿನ ನೆಲಕ್ಕೂ ಪೈಪು ಹಿಡಿಯಬೇಕು, ಒಳಗಿನ ಕೆಲಸದವರೇ ಹಿಡಿಯಬೇಕು ಎಂದು ಮೇಸ್ತ್ರಿ ನಿನ್ನೆ ಹೇಳಿದ್ದಾರೆ. ಪತ್ರಿಕೆಗೆ ಏನು ಬರೆಯಲಿ ಎಂದು ನಾನು ಕೇಳಿದರೆ ಮಾವ ತಮ್ಮ ಬಿರಿದ ಪಾದವನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಅತ್ತೆಗೆ ಕೇಳಿಸದ ಹಾಗೆ ದನಿ ತಗ್ಗಿಸುತ್ತಾರೆ.

"ನನ್ ಬಗ್ಗೆ ಏನೂ ಬರೀಬೇಡಿ. ಮೇಸ್ತ್ರಿ ಪೇಪರ್ ಓದ್ತಾರೆ. ಇವಳಿಗೆ ನೀರಿನ ಕೆಲಸ ಕೊಡಬೇಡಿ, ಒಣ ಬಟ್ಟೆ ಕೆಲಸಾನೇ ಇರ್ಲಿ ಅಂತ ಒಂದು ಸಾಲು ಹಾಕಿ. ಅಷ್ಟು ಸಾಕು."