ಪೈಪಿನ ಹೊಗೆಸೊಪ್ಪಿಗೆ ನಾನು ತೀರ್ಪು ಕೊಟ್ಟ ಭಾನುವಾರ

ನಮ್ಮೂರು ಶಿಡ್ಲಘಟ್ಟಕ್ಕೆ ಹತ್ತಿರ. ಮನೆಯ ಹಿಂದೆ ರೇಷ್ಮೆ ಸೊಪ್ಪಿನ ತೋಟ, ಅದರ ಪಕ್ಕಕ್ಕೇ ಹುಳುಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನಾನು ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಹುಳು ಸಾಕುತ್ತೇನೆ ಅಂದಾಗ ನೆಂಟರೆಲ್ಲ ನಕ್ಕಿದ್ದರು. ಈಗ ಹುಳುಮನೆಯಲ್ಲಿ ನಾನು ಹೇಳಿದ್ದೇ ಕಾನೂನು. ಹೊಗೆಸೊಪ್ಪು ಮುಟ್ಟಿದ ಕೈ ಆ ಬಾಗಿಲು ದಾಟಕೂಡದು. ಬೀಡಿ ಸೇದಿದ ಬೆರಳಲ್ಲಿ ಸೊಪ್ಪು ಹಾಕಿದರೂ ಸಾಕು, ಹುಳು ತಲೆಯೆತ್ತಿ ಒದ್ದಾಡಿ ಸತ್ತೇ ಹೋಗುತ್ತದೆ. ಹಾಗಾಗಿ ಎಲೆ-ಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಳ್ಳುವ ನಮ್ಮ ಅತ್ತೆಗೂ ಒಳಗೆ ಪ್ರವೇಶವಿಲ್ಲ. ‘ನಾನು ಕಟ್ಟಿಸಿದ ಮನೆಗೆ ನಾನೇ ಹೋಗಂಗಿಲ್ಲ’ ಅಂತ ಅವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತದೆ.

ಇಂಥ ಮನೆಯಲ್ಲಿ ಇದ್ದುಕೊಂಡು ನನ್ನ ಗಂಡ, ಕರೆಂಟ್ ಆಫೀಸಿನಿಂದ ನಿವೃತ್ತರಾದ ಮೇಲೆ, ಪೈಪು ಸೇದುವುದನ್ನು ಕಲಿತರು. ಕಲಿಸಿದವರು ಅವರ ಹಳೆಯ ಗೆಳೆಯರು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದವರು, ಈಗ ಅದನ್ನು ತಮ್ಮನಿಗೆ ಬಿಟ್ಟು ಆರಾಮಾಗಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು. ಅವರ ಮಾತು ಮನೆಯಲ್ಲಿ ಉರ್ದು, ಮಾರ್ಕೆಟ್ಟಿನಲ್ಲಿ ಕನ್ನಡ-ತೆಲುಗು, ಕೋಪ ಬಂದರೆ ಮೂರೂ. ಭಾನುವಾರ ಬೆಳಿಗ್ಗೆ ಇಬ್ಬರೂ ತೋಟದ ಆಚೆ ತುದಿಯ ಪಂಪ್‌ಹೌಸಿನ ಹತ್ತಿರ, ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೊಗೆ ಬಿಡುತ್ತಾರೆ. ಮುಗಿದ ಮೇಲೆ ನನ್ನ ಗಂಡ ಅಲ್ಲೇ ತೊಟ್ಟಿಯಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಆಮೇಲೆ ಮನೆ ಕಡೆ ಬರಬೇಕು. ಚಳಿಗಾಲದಲ್ಲೂ ಅಷ್ಟೇ.

ಜಗಳ ಶುರುವಾಗಿದ್ದು ಒಂದು ಡಬ್ಬಿಯಿಂದ. ಭಾಯ್ ಅವರ ತಂಗಿಯ ಮಗಳು ವಿದೇಶದಿಂದ ಬರುವಾಗ ಮಾವನಿಗೆ ಅಂತ ಪೈಪಿನ ಹೊಗೆಸೊಪ್ಪು ತಂದಿದ್ದಳು. ಭಾಯ್ ಯಾವಾಗಲೂ ಸೇದುವ ಜಾತಿಯದೇ, ಆದರೆ ಇದರಲ್ಲಿ ಸಿಗಾರಿಗೆ ಸುತ್ತುವ ಎಲೆಯನ್ನೂ ಕತ್ತರಿಸಿ ಬೆರೆಸಿದ್ದರು. ಭಾಯ್ ಒಂದು ಪೈಪು ಸೇದಿ ಮುಖ ಹುಳ್ಳಗೆ ಮಾಡಿಕೊಂಡರು. ನನ್ನ ಗಂಡ ಅದನ್ನೇ ಸೇದಿ ಕಣ್ಣು ಮುಚ್ಚಿ ಕೂತರು. ಅಲ್ಲಿಂದ ವಾರವಿಡೀ ಫೋನಿನಲ್ಲಿ ಇದೇ ವಾದ.

“ಒಳ್ಳೆ ಹಾಡು ನಡೀತಿರುವಾಗ ಪಕ್ಕದ ಮನೆ ನಾಯಿ ಬೊಗಳಿದಂಗಿದೆ ಸಾರ್ ಅದು” ಅಂತ ಭಾಯ್.

“ಪಾಯಸಕ್ಕೆ ಚಿಟಿಕೆ ಉಪ್ಪು ಹಾಕಲ್ವಾ ಭಾಯ್? ಹಂಗೆ ಅದು” ಅಂತ ಇವರು.

“ಚಿಟಿಕೆ ಅಲ್ಲ, ಬೊಗಸೆ ಹಾಕಿದ್ದಾರೆ!”

ನಾನು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಇಬ್ಬರು ಗಂಡಸರು, ಮೊಮ್ಮಕ್ಕಳನ್ನು ಕಂಡವರು, ಒಣಗಿದ ಎಲೆಗೋಸ್ಕರ ಹೀಗೆ ಕಿತ್ತಾಡುವುದು ನೋಡಿ ನನಗೆ ಬಹಳ ಖುಷಿಯಾಗುತ್ತಿತ್ತು. ಕೊನೆಗೆ ಭಾಯ್ ಅವರೇ ಹೇಳಿದ್ದು: “ಮೂರನೇವರು ತೀರ್ಪು ಹೇಳ್ಲಿ. ಅಕ್ಕ ಹೇಳ್ಲಿ.”

ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಮೂಗು. ಹುಳುವಿಗೆ ರೋಗ ಬರುವ ಮೊದಲೇ ತಟ್ಟೆಯ ಮೇಲೆ ಬಗ್ಗಿ ವಾಸನೆ ಹಿಡಿದು ಹೇಳುತ್ತೇನೆ. ಹಾಲು ಒಡೆಯುವ ಮುಂಚೆ ಗೊತ್ತಾಗುತ್ತದೆ. ಪಕ್ಕದ ಬೀದಿಯಲ್ಲಿ ಯಾರ ಮನೆ ಸಾರಿಗೆ ಇಂಗು ಜಾಸ್ತಿಯಾಗಿದೆ ಅನ್ನುವುದು ಗೊತ್ತಾಗುತ್ತದೆ. ಆ ವಾರ ಅನುಕೂಲವೂ ಆಗಿತ್ತು: ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ, ಹುಳುಮನೆ ತೊಳೆದು ಬ್ಲೀಚಿಂಗ್ ಹಾಕಿ ಬೀಗ ಹಾಕಿದ್ದೆವು. ಒಂದು ಹುಳುವೂ ಮನೆಯಲ್ಲಿರಲಿಲ್ಲ. “ಆಯ್ತು, ಬರ್ತೀನಿ. ಆದ್ರೆ ಮೂಸಿ ನೋಡಿ ಹೇಳ್ತೀನಿ ಅಷ್ಟೆ” ಅಂದೆ.

ಭಾನುವಾರ ನಾನು ಹೋಗುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಮೂರನೆಯ ಕುರ್ಚಿ ಬಂದಿತ್ತು. ಸ್ಟೂಲಿನ ಮೇಲೆ ಭಾಯ್ ಬಿಳಿ ಟವೆಲ್ ಹಾಸಿ ಎರಡು ಡಬ್ಬಿ, ಎರಡು ಪೈಪು, ಒಂದು ಲೋಟ ನೀರು ಇಟ್ಟಿದ್ದರು. ಯಾವುದೋ ಪರೀಕ್ಷಾ ಕೊಠಡಿಗೆ ಹೋದ ಹಾಗಿತ್ತು. ಒಂದು ಡಬ್ಬಿಯಲ್ಲಿ ಹಳೆಯದು, ಸಿಗಾರ್ ಎಲೆ ಇಲ್ಲದ್ದು, ಇನ್ನೊಂದರಲ್ಲಿ ಜಗಳದ್ದು. ನನಗೆ ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಕಣ್ಣು ಮುಚ್ಚಿಸಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದರು.

ಮೊದಲನೆಯದು ಮೂಸಿದ ತಕ್ಷಣ ಒಣದ್ರಾಕ್ಷಿ, ಆಮೇಲೆ ಬೆಲ್ಲ ಪಾಕ ಬರುವಾಗಿನ ಘಮ. ಎರಡನೆಯದರಲ್ಲೂ ಅದೇ ದ್ರಾಕ್ಷಿ, ಆದರೆ ಅದರ ಕೆಳಗೆ ಇನ್ನೇನೋ ಇತ್ತು. ಹೊಸ ಚಪ್ಪಲಿ ಅಂಗಡಿ, ಮಳೆಗೆ ಮುಂಚಿನ ಹುಲ್ಲಿನ ಬಣವೆ, ಸ್ವಲ್ಪ ಕೊಟ್ಟಿಗೆ. ಹೀಗೆಲ್ಲ ಹೇಳಿದೆ. ಭಾಯ್ “ಕೊಟ್ಟಿಗೆ! ಕೇಳಿಸ್ಕೊಂಡ್ರಾ ಸಾರ್?” ಅಂತ ಕುಣಿದರು. ಇವರು “ಕೊಟ್ಟಿಗೆ ವಾಸನೆ ಕೆಟ್ಟದ್ದು ಅಂತ ಯಾರು ಹೇಳಿದ್ರು?” ಅಂದರು. ಮತ್ತೆ ಶುರು.

“ಸುಮ್ನಿರಿ ಇಬ್ರೂ” ಅಂದೆ. “ಮೂಸಿದ್ರೆ ಸಾಲ್ದು. ಸಾರನ್ನ ಮೂಸಿ ಉಪ್ಪು ಹೇಳಕ್ಕಾಗುತ್ತಾ? ಹಚ್ಚಿ ಕೊಡಿ.”

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ. ಇವರು ತೋಟದ ಸುತ್ತ ಒಮ್ಮೆ ಕಣ್ಣಾಡಿಸಿದರು, ಯಾರಾದರೂ ನೋಡುತ್ತಿದ್ದಾರಾ ಅಂತ. ಭಾಯ್ ಮಾತ್ರ ಗಂಭೀರವಾಗಿ ಪೈಪಿನ ಬಾಯಿ ಒರೆಸಿ, ಸೊಪ್ಪು ತುಂಬಿ, ಎರಡು ಕಡ್ಡಿ ಗೀರಿ ಹಚ್ಚಿಕೊಟ್ಟರು. “ಒಳಗೆ ಎಳ್ಕೊಬೇಡಿ ಅಕ್ಕ. ಬಾಯಲ್ಲಿ ಇಟ್ಕೊಂಡು ಬಿಡಿ. ಬಿಸಿ ಟೀ ಗುಟುಕು ಹಾಕ್ತೀವಲ್ಲ, ಅಷ್ಟು ನಿಧಾನ.”

ನಾನು ಎಳನೀರಿಗೆ ಸ್ಟ್ರಾ ಹಾಕಿ ಎಳೆದಂತೆ ಎಳೆದೆ. ಹೊಗೆ ಗಂಟಲಿಗಿಳಿದು, ಕಣ್ಣಲ್ಲಿ ನೀರು ಬಂದು, ಬಿಕ್ಕಳಿಕೆ ಶುರುವಾಯಿತು. ಇವರು ಬೆನ್ನು ತಟ್ಟುತ್ತಾ “ಬಿಟ್ಟುಬಿಡೇ, ಬೇಡ” ಅಂದರು. ನೀರು ಕುಡಿದು ಮತ್ತೆ ಹಿಡಿದೆ. ಈ ಸಲ ಟೀ ಲೆಕ್ಕದಲ್ಲಿ. ಆಗ ರುಚಿ ಬಂತು ನೋಡಿ. ಸಿಹಿ. ಬರೀ ಸಿಹಿ. ಐದು ನಿಮಿಷವಾದರೂ ಸಿಹಿಯೇ. ಮದುವೆ ಮನೆಯಲ್ಲಿ ಕೈ ಹಿಡಿದುಕೊಂಡು ‘ಎಷ್ಟು ಚೆನ್ನಾಗಿದ್ದೀರಾ, ಎಷ್ಟು ಚೆನ್ನಾಗಿದ್ದೀರಾ’ ಅಂತ ಬಿಡದೇ ಹೇಳುವವರು ಇರುತ್ತಾರಲ್ಲ, ಹಾಗೆ.

ಎರಡನೆಯ ಪೈಪೂ ಮೊದಮೊದಲು ಹಾಗೆಯೇ ಇತ್ತು. ಇದರಲ್ಲೇನು ಮಹಾ ಅಂದುಕೊಳ್ಳುವಷ್ಟರಲ್ಲಿ ನಾಲಿಗೆಯ ಹಿಂದೆ ಮೆಣಸು ತಾಗಿದಂತಾಯಿತು. ಆಮೇಲೆ ಮಣ್ಣು, ಸುಟ್ಟ ಕಡಲೆಕಾಯಿ ಸಿಪ್ಪೆ, ಕಾಫಿಯ ಕಹಿ. ದಪ್ಪ ಧ್ವನಿಯ ಯಾರೋ ಒಳಗೆ ಬಂದು, ಕಂಬಳಿ ಕೊಡವಿ, ಜಗಲಿ ಮೇಲೆ ಕೂತುಬಿಟ್ಟಂತೆ. ಮೊದಲು ಹಿತವಾಗಿತ್ತು. ಆಮೇಲೆ ಆ ಮನುಷ್ಯ ಬೇರೆ ಯಾರಿಗೂ ಮಾತಾಡಲು ಬಿಡಲೇ ಇಲ್ಲ. ದ್ರಾಕ್ಷಿಯೂ ಹೋಯಿತು, ಬೆಲ್ಲವೂ ಹೋಯಿತು.

“ಏನಂತೀಯ?” ಅಂತ ಇವರು ಮುಂದಕ್ಕೆ ಬಗ್ಗಿದರು.

“ಈ ಎಲೆ ಬೇಕು” ಅಂದೆ. ಇವರು ತೊಡೆ ತಟ್ಟಿದರು. “ಆದ್ರೆ ಇಷ್ಟು ಬೇಡ. ಅರ್ಧ ಸಾಕು.” ಭಾಯ್ ತೊಡೆ ತಟ್ಟಿದರು.

ಇಬ್ಬರೂ ಏಕಕಾಲಕ್ಕೆ ಗೆದ್ದವರ ಮುಖ ಮಾಡಿಕೊಂಡು ಕೂತಿದ್ದು ನೋಡಿ ನನಗೆ ನಗು ಬಂತು. ಸಣ್ಣಗೆ ಶುರುವಾದ ನಗು ನಿಲ್ಲಲೇ ಇಲ್ಲ. ಅದು ಬರೀ ನಗುವೂ ಆಗಿರಲಿಲ್ಲ. ಸೊಪ್ಪಿನ ಸಾಲುಗಳು ಗಾಳಿಯಿಲ್ಲದೆ ತೂಗುತ್ತಿದ್ದವು. ಪಂಪ್‌ಹೌಸು ಒಂಚೂರು ಎಡಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂತು. ಕಾಲು ನೆಲಕ್ಕೆ ತಾಗುತ್ತಿದೆಯಾ ಅಂತ ನೋಡಿಕೊಂಡೆ. ತಾಗುತ್ತಿತ್ತು, ಆದರೆ ಬೇರೆ ಯಾರದೋ ಕಾಲಿನ ಹಾಗೆ. “ರೀ, ನಿಮ್ಮ ಮೀಸೆ ಒಂದು ಕಡೆ ಮೇಲಿದೆ” ಅಂತ ಹೇಳಿ, ಹೇಳಿದ ಮಾತಿಗೆ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾಯ್ ಗಾಬರಿಯಾಗಿ “ತಿಂಡಿ ತಿಂದಿದ್ರಾ ಅಕ್ಕ?” ಅಂತ ಕೇಳಿದರು. ತಿಂದಿರಲಿಲ್ಲ. ನಾಲಿಗೆ ಶುದ್ಧವಾಗಿರಲಿ ಅಂತ ಬರೀ ಹೊಟ್ಟೆಯಲ್ಲಿ ಬಂದಿದ್ದೆ!

“ಬರೀ ಹೊಟ್ಟೇಲಿ ಸಿಗಾರ್ ಎಲೆ! ಬೆಲ್ಲ ತರ್ಸಿ ಸಾರ್, ಬೇಗ ಬೆಲ್ಲ!” ಅಂತ ಭಾಯ್ ಕೂಗಿದ ಕೂಗಿಗೆ ಮನೆ ಕಡೆಯಿಂದ ಬಂದವರು ಅತ್ತೆ.

ಎಂಬತ್ತು ದಾಟಿದ ಹೆಂಗಸು, ಕೋಲೂರಿಕೊಂಡು ಸೊಪ್ಪಿನ ಸಾಲಿನ ನಡುವೆ ಬರುತ್ತಿದ್ದರು. ನನ್ನ ಕೈಯಲ್ಲಿ ಪೈಪು ಹೊಗೆಯಾಡುತ್ತಿತ್ತು. ಬಚ್ಚಿಡಬೇಕು ಅಂತ ಹೊಳೆಯಿತು, ಆದರೆ ಎಲ್ಲಿಡಬೇಕು ಅಂತ ಹೊಳೆಯಲಿಲ್ಲ. ಇವರು ಎದ್ದು ನಿಂತರು. ಭಾಯ್ ಹಾಸಿದ್ದ ಟವೆಲಿನ ತುದಿಯೆತ್ತಿ ಡಬ್ಬಿಗಳ ಮೇಲೆ ಮುಚ್ಚಿದರು. ಅತ್ತೆ ಬಂದು ನನ್ನನ್ನೇ ನೋಡಿದರು. ಬೈಗುಳ ಬರುತ್ತದೆ ಅಂತ ಕಾದೆ. ಅವರು ಮುಖ ಸ್ವಲ್ಪ ಮೇಲಕ್ಕೆತ್ತಿ ಮೂಗರಳಿಸಿ ನಿಂತುಬಿಟ್ಟರು.

“ಇದಿ ಮಾ ನಾಯನ ಚುಟ್ಟ ವಾಸನೇ ಕದಾ!” ಅಂದರು.

ಅವರ ತವರು ಆಂಧ್ರ ಗಡಿಯ ನಗರಗೆರೆ ಕಡೆ. ಸಂತೋಷಕ್ಕೂ ಸಂಕಟಕ್ಕೂ ಅವರಿಗೆ ತೆಲುಗೇ ಮೊದಲು ಬರುವುದು. ಇದು ನಮ್ಮಪ್ಪ ಸೇದುತ್ತಿದ್ದ ಚುಟ್ಟದ, ಅಂದರೆ ನಾಟಿ ಸಿಗಾರಿನ, ವಾಸನೆ ಅಂತ ಅವರು ಹೇಳಿದ್ದು. ನನ್ನ ಕೈಯಿಂದ ಪೈಪು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ಕುರ್ಚಿಯಲ್ಲಿ ಕೂತರು. “ಕಣದಲ್ಲಿ ರಾಗಿ ಕಾಯಕ್ಕೆ ಹೋಗೋರು ನಮ್ಮಪ್ಪ. ನಾನು ಊಟ ತಗೊಂಡು ಹೋಗೋಳು. ದೂರದಿಂದ್ಲೇ ವಾಸನೆ ಬಂದ್ರೆ ಇದಾರೆ ಅಂತ ಗೊತ್ತಾಗೋದು.” ಅಷ್ಟು ಹೇಳಿ, ನಾವು ನೋಡುನೋಡುತ್ತಿದ್ದ ಹಾಗೆ, ಪೈಪು ಬಾಯಿಗಿಟ್ಟು ಒಂದು ದಮ್ಮು ಎಳೆದರು. ಕೆಮ್ಮಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಮೂಗಿನ ಎರಡೂ ಹೊಳ್ಳೆಗಳಿಂದ ಹೊಗೆ ಸಲೀಸಾಗಿ ಬಂತು.

“ಅಮ್ಮಾ!” ಅಂದರು ನನ್ನ ಗಂಡ. ಅರವತ್ತು ದಾಟಿದ ಮನುಷ್ಯನ ದನಿ ಏಳನೇ ಕ್ಲಾಸಿನ ಹುಡುಗನದಾಗಿತ್ತು. “ನೀನು ಯಾವಾಗ ಕಲಿತೆ?”

“ನಿಮ್ಮಪ್ಪನ್ನ ಮದುವೆ ಆಗಕ್ಕೆ ಮುಂಚೆ. ಆಮೇಲೆ ಬಿಟ್ಟೆ. ಅವರಿಗೆ ಆಗ್ತಿರ್ಲಿಲ್ಲ” ಅಂತ ಅತ್ತೆ ಪೈಪು ವಾಪಸು ಕೊಟ್ಟರು. “ಆದ್ರೆ ಇದೇನಪ್ಪಾ ಭಾಯ್, ಚುಟ್ಟಕ್ಕೆ ಬೆಲ್ಲ ಯಾಕೆ ಹಾಕಿದಾರೆ? ಪ್ರಸಾದನಾ ಇದು?”

ಭಾಯ್ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಗತೊಡಗಿದರು. ನಾನಂತೂ ಮೊದಲೇ ನಗುವಿನಲ್ಲಿ ಮುಳುಗಿದ್ದೆ.

ಅತ್ತೆ ಜಗಳದ ಡಬ್ಬಿ ಈಸಿಕೊಂಡು, ಟವೆಲ್ ಮೇಲೆ ಒಂದು ಹಿಡಿ ಸುರಿದು, ಅದರಲ್ಲಿದ್ದ ಕಂದು ಬಣ್ಣದ ಅಗಲ ಚೂರುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸತೊಡಗಿದರು. ಅದೇ ಸಿಗಾರ್ ಎಲೆ. “ಇದು ನನಗೆ. ಎಲೆ-ಅಡಿಕೆಗೆ ಆಗುತ್ತೆ. ಬೆಲ್ಲದ್ದು ನೀವೇ ಇಟ್ಕೊಳ್ಳಿ.” ಕಣ್ಣು ಸರಿಯಾಗಿ ಕಾಣದ್ದರಿಂದ ಎಷ್ಟೋ ಚೂರುಗಳು ಬಿಟ್ಟುಹೋದವು. ಭಾಯ್ ಆ ಉಳಿದದ್ದನ್ನೇ ಪೈಪಿಗೆ ತುಂಬಿ ಹಚ್ಚಿದರು. ಒಂದು ಸಲ ಎಳೆದರು. ಇನ್ನೊಂದು ಸಲ ಎಳೆದು, ನನ್ನ ಗಂಡನಿಗೆ ದಾಟಿಸಿದರು. ಇವರೂ ಎಳೆದರು.

“ಸರಿಹೋಯ್ತು” ಅಂದರು ಭಾಯ್ ಕೊನೆಗೆ. “ಅಕ್ಕ ಹೇಳಿದ್ದು ಸರಿ. ನಾಯಿ ಈಗ ತಾಳಕ್ಕೆ ಬೊಗಳ್ತಿದೆ.”

“ನಾನು ಮೊದ್ಲಿಂದ ಅದನ್ನೇ ಹೇಳ್ತಿದ್ದೆ” ಅಂದರು ಇವರು. ಅವರು ಅದನ್ನು ಯಾವತ್ತೂ ಹೇಳಿರಲಿಲ್ಲ. ಭಾಯ್ ಬಿಟ್ಟುಕೊಟ್ಟರು.

ನನಗೆ ಬೆಲ್ಲ, ಮಜ್ಜಿಗೆ ಬಂತು. ತಲೆ ಸ್ವಲ್ಪ ಸ್ವಲ್ಪವಾಗಿ ತನ್ನ ಜಾಗಕ್ಕೆ ಇಳಿಯಿತು. ಎದ್ದು ಮನೆ ಕಡೆ ಹೊರಟರೆ ಅತ್ತೆ ಕೋಲು ಅಡ್ಡ ಇಟ್ಟರು. “ಎಲ್ಲಿಗೆ? ತೊಟ್ಟಿ ಆ ಕಡೆ ಇದೆ.”

“ಹುಳ ಇಲ್ವಲ್ಲ ಅತ್ತೆ ಈಗ!”

“ಕಾನೂನು ಮಾಡ್ದೋಳು ನೀನೇ ಅಲ್ವಾ?”

ಡಿಸೆಂಬರಿನ ನೀರು. ಗಂಡಸರನ್ನು ತೋಟದ ಆಚೆಗೆ ಓಡಿಸಿ, ಸೀರೆ ಅಡ್ಡ ಕಟ್ಟಿಸಿಕೊಂಡು, ತಲೆಗೆ ಸೋಪು ಹಾಕಿ ಸ್ನಾನ ಮಾಡಿದೆ. ನನ್ನ ಗಂಡ ಇಷ್ಟು ವರ್ಷ ಈ ಚಳಿಯನ್ನು ಒಂದು ಮಾತೂ ಆಡದೆ ಸಹಿಸಿಕೊಂಡಿದ್ದಾರೆ ಅನ್ನುವುದು ಮೊದಲ ಚೊಂಬಿನಲ್ಲೇ ಗೊತ್ತಾಯಿತು. ಮಾರನೆಯ ವಾರವೇ ಪಂಪ್‌ಹೌಸಿನ ಹತ್ತಿರ ನೀರು ಕಾಯಿಸಲು ಒಲೆ ಹಾಕಿಸಿದೆ.

ಮಧ್ಯಾಹ್ನ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಅಷ್ಟು ರುಚಿಯಾದ ಊಟ ನಾನು ಮಾಡಿದ ನೆನಪಿಲ್ಲ. ಮೂರು ಸಲ ಸಾರು ಹಾಕಿಸಿಕೊಂಡೆ. ಪೈಪನ್ನು ಮತ್ತೆ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಆ ತಲೆಸುತ್ತು ಒಂದು ಜನ್ಮಕ್ಕೆ ಒಂದು ಸಲ ಸಾಕು. ಊಟ ಮುಗಿಸಿ ಅತ್ತೆ ಜಗಲಿಯಲ್ಲಿ ಎಲೆ ಮಡಿಸುತ್ತಾ, ಅಪ್ಪ ಕಣದಲ್ಲಿ ಹಾಡುತ್ತಿದ್ದ ಯಾವುದೋ ತೆಲುಗು ಪದ ಗುನುಗುತ್ತಿದ್ದರು. ಅಷ್ಟರಲ್ಲಿ ನನಗೆ ಫೋನು ಬಂತು. ಭಾಯ್ ಅವರ ಹೆಂಡತಿ.

“ಅಕ್ಕಾ, ನಮ್ಮನೆಯವರಿಗೆ ಏನಾಗಿದೆ? ಮನೆಗೆ ಬಂದಾಗಿಂದ ಒಬ್ಬರೇ ನಗ್ತಾ ಕೂತಿದಾರೆ. ಏನಾಯ್ತು ಅಂದ್ರೆ ‘ಪ್ರಸಾದ, ಪ್ರಸಾದ’ ಅಂತಾರೆ. ಏನ್ ಕೊಟ್ಟು ಕಳ್ಸಿದ್ರಿ?”

ಹೇಳೋಣ ಅಂತ ಬಾಯಿ ತೆರೆದೆ. ಪಕ್ಕದಲ್ಲಿ ಅತ್ತೆ ‘ಯಾರೇ ಅದು?’ ಅಂದರು, ತುಟಿಯೆಲ್ಲ ಕೆಂಪು. ಅಷ್ಟೆ, ನನಗೆ ನಗು ಒತ್ತರಿಸಿ ಬಂತು. ಆ ಕಡೆಯಿಂದ ಅವರು “ನೀವೂನಾ ಅಕ್ಕಾ?” ಅಂದವರು, ಏನು ವಿಷಯ ಅಂತ ಗೊತ್ತಿಲ್ಲದೆಯೇ, ತಾವೂ ನಗತೊಡಗಿದರು.