ನಾಲ್ಕು ಬೆರಳು ಬಟ್ಟೆ

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ಗುಳೇದಗುಡ್ಡದ ನಮ್ಮ ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಅಕ್ಕ ನಡುಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಿದ್ದಳು. ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ, ಲಾಳಿಯ ಟಕ್ ಟಕ್ ಸದ್ದು. ಅದಿಲ್ಲದೆ ನನಗೆ ಮಧ್ಯಾಹ್ನದ ನಿದ್ದೆಯೇ ಬರುತ್ತಿರಲಿಲ್ಲ.

ಅಪ್ಪ ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಬಿಡಲು ಹೊರಟ ಬೆಳಿಗ್ಗೆ, ಮಗ್ಗಕ್ಕೆ ಉದ್ದುದ್ದ ಬಿಗಿದಿದ್ದ ನೂಲಿನ ಹಾಸಿನಲ್ಲಿ, ಇನ್ನೂ ನೇಯದ ಕಡೆ, ದೂರದಲ್ಲಿ ಒಂದು ಎಳೆಗೆ ನನ್ನ ಜಡೆಯ ಕೆಂಪು ಟೇಪಿನ ಚೂರು ಕಟ್ಟಿದೆ.

"ಏನ್ ಮಾಡಾಕತ್ತೀಯ ಅಲ್ಲಿ?" ಎಂದಳು ಅಕ್ಕ.

"ನೀ ಇಲ್ಲೀತನಕ ನೇಯೂದ್ರಾಗ ನಾ ಬಂದಿರ್ತೀನಿ."

"ಹಂಗಾರ ನಿಧಾನ ನೇಯ್ತೀನಿ ತಗೋ."

ಅಕ್ಕ ನಕ್ಕಳು, ಆದರೆ ನನ್ನ ಕಡೆ ನೋಡಲಿಲ್ಲ.

ದಸರೆಗೆ ನನಗೆ ಮಂಗನಬಾವು. ಹಾಸ್ಟೆಲಿನ ಸಿಸ್ಟರ್ ರಜೆಗೆ ಮನೆಗೆ ಕಳಿಸಲಿಲ್ಲ. ವಾರ ತಡವಾಗಿ ಬಂದಾಗ ಮಗ್ಗ ಸುಮ್ಮನಿತ್ತು. ನೇಯ್ಗೆ ಕೆಂಪು ಚೂರಿಗೆ ನಾಲ್ಕು ಬೆರಳು ಈಚೆಗೇ ನಿಂತಿತ್ತು.

"ಐದು ದಿನ ಆತು, ಕೈ ಕಟ್ಕೊಂಡು ಕುಂತಾಳ ನಿಮ್ಮಕ್ಕ," ಎಂದು ಅಪ್ಪ ಗೊಣಗಿದರು.

ಈಗ ಅಮೆರಿಕದ ಆಶ್‌ಬರ್ನಿನಲ್ಲಿ, ನಿಮ್ಮ ಚಿಕ್ಕಮ್ಮನ ಮನೆಯ ಡೆಕ್ಕಿನ ಮೇಲೆ ಹಗಲೆಲ್ಲ ನಾನೊಬ್ಬಳೇ. ಪಕ್ಕದ ಹಿತ್ತಲಲ್ಲಿ ಗ್ವಾಟೆಮಾಲಾದ ಮಾಯಾ ಜನಾಂಗದ ಅಜ್ಜಿಯೊಬ್ಬರು ನೇಯುತ್ತಾರೆ. ಹಾಸಿನ ಒಂದು ತುದಿ ಮೇಪಲ್ ಮರಕ್ಕೆ, ಇನ್ನೊಂದು ಅವರ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಎಳೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಬಣ್ಣದ ದಾರವನ್ನು ಬೆರಳಲ್ಲೇ ತೂರಿಸಿ ಹಕ್ಕಿಗಳನ್ನು ಮೂಡಿಸುತ್ತಾರೆ. ಅದಕ್ಕೆ ವಿಪೀಲ್ ಅನ್ನುತ್ತಾರೆ, ಹಬ್ಬದ ಕುಪ್ಪಸ. ಅಟ್ಲಾಂಟಾದಲ್ಲಿರುವ ಮೊಮ್ಮಗಳಿಗೆ ಚರ್ಚಿನಲ್ಲಿ ಮೊದಲ ಪ್ರಸಾದ ಕೊಡುವ ಫಸ್ಟ್ ಕಮ್ಯೂನಿಯನ್‌ಗೆ ಎಂದು ಅವರ ಮಗಳು ಹೇಳಿದಳು. ಅವರು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಎರಡು ಪಟ್ಟಿ ಜೋಡಿಸಿ ಹೊಲಿಯುವಾಗ ಕತ್ತು ತೂರಲು ಜಾಗ ಬಿಡುತ್ತಾರೆ. ಎರಡನೆಯ ಪಟ್ಟಿಯಲ್ಲಿ ಕೊನೆಯ ನಾಲ್ಕು ಬೆರಳು ಉಳಿದಿದೆ. ಅಷ್ಟನ್ನು ಸೂಜಿಯಲ್ಲೇ ನೇಯಬೇಕು. ಹದಿನೈದು ದಿನದಿಂದ ಅದು ಹಾಗೆಯೇ ಇದೆ. ಅಜ್ಜಿ ದಿನಾ ಬಂದು ಪಟ್ಟಿ ಕಟ್ಟಿಕೊಂಡು ಕೂತು, ಬಿಚ್ಚಿಟ್ಟು ಹೋಗುತ್ತಾರೆ. ನಮಗಿಬ್ಬರಿಗೂ ಒಂದು ಭಾಷೆಯಿಲ್ಲ. ನಾನು ನಾಲ್ಕು ಬೆರಳು ತೋರಿಸಿದೆ, ಅವರು ರಸ್ತೆಯ ಕಡೆ ನೋಡಿದರು.

ನಿನ್ನೆ ವಿಡಿಯೊ ಕಾಲಿನಲ್ಲಿ ಆ ಬಟ್ಟೆ ತೋರಿಸಿದಾಗ ನಿಮ್ಮಲ್ಲಿ ಚಿಕ್ಕವಳು ಕೇಳಿದಳು: "ಅಜ್ಜಿ, ಅಷ್ಟೇ ಅಲ್ವಾ ಇರೋದು? ಫಿನಿಶ್ ಮಾಡಿ ಅಟ್ಲಾಂಟಾಗೆ ಮೇಲ್ ಮಾಡಿದ್ರಾಯ್ತು."

"ಕತ್ತಿನ ಅಳತೆ ನೋಡೋಕೆ ಕತ್ತೇ ಬರಬೇಕಲ್ಲ ಪುಟ್ಟಿ," ಎಂದೆ.

ನನ್ನ ಅಕ್ಕನಿಗೆ ಕಾಣುತ್ತಿದ್ದದ್ದು ಒಂದು ಕೆಂಪು ಚೂರು ಮಾತ್ರ. ದೂರದ ಫೋರ್ಟ್ ಮಿಲ್‌ನಲ್ಲಿರುವ ನಿಮ್ಮ ಮುಖ ನನಗೆ ದಿನಾ ಫೋನಿನಲ್ಲಿ ಕಾಣುತ್ತದೆ. ಆದರೂ ಇಲ್ಲಿ ಕೂತು ಹೊಲಿಯುತ್ತಿರುವ ನಿಮ್ಮಿಬ್ಬರ ಲಂಗಕ್ಕೆ ಸೊಂಟಪಟ್ಟಿಯನ್ನು ನಾನಿನ್ನೂ ಹೊಲಿದಿಲ್ಲ.